ಲೆಕ್ಕಕ್ಕಿಲ್ಲದ ಬೈಟು

ನನ್ನ ಹೃದಯಕ್ಕೆ ಅವಸರ ಜಾಸ್ತಿ. ಇದು ನನಗೆ ಗೊತ್ತಾದದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ಅದೂ ಕುರ್ಚಿಯ ಮೇಲೆ ಸುಮ್ಮನೆ ಕೂತಿದ್ದಾಗ. ಹರಿಹರದ ನಮ್ಮ ಹೈಸ್ಕೂಲಿಗೆ ಮಕ್ಕಳ ಆರೋಗ್ಯ ತಪಾಸಣೆಗೆಂದು ಬಂದಿದ್ದ ನರ್ಸಮ್ಮ, ಮಕ್ಕಳೆಲ್ಲ ಮುಗಿದ ಮೇಲೆ ಉಳಿದ ಹೊತ್ತನ್ನು ಯಾಕೆ ಹಾಳು ಮಾಡಬೇಕೆಂದು ಟೀಚರುಗಳ ಕೈ ಹಿಡಿದು ನೋಡತೊಡಗಿದರು. ನನ್ನ ಕೈ ಹಿಡಿದವರು ಬಿಡಲೇ ಇಲ್ಲ. ಗಡಿಯಾರ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಗಡಿಯಾರ ನೋಡಿದರು.

“ಓಡಿ ಬಂದ್ರೇನ್ರಿ ಮೇಡಂ?”

“ಇಲ್ರಿ, ಅರ್ಧ ತಾಸಾತು ಇಲ್ಲೇ ಕುಂತೀನಿ.”

“ನೂರಾ ಹದಿನಾಲ್ಕು ಐತೆ ನೋಡ್ರಿ.”

ನಾನು ಗಣಿತದ ಟೀಚರ್. ನೂರರ ಮೇಲೆ ಯಾವ ಅಂಕ ಕಂಡರೂ ಕೂಡುವುದರಲ್ಲಿ ತಪ್ಪಾಗಿದೆ ಎಂದೇ ನನಗೆ ಮೊದಲು ಅನ್ನಿಸುವುದು. ಇನ್ನೊಮ್ಮೆ ಎಣಿಸಿ ಎಂದೆ. ಹತ್ತು ನಿಮಿಷ ಬಿಟ್ಟು ಎಣಿಸಿದರು. ನೂರಾ ಹದಿನಾರು. ಮರುಎಣಿಕೆಗೆ ಅರ್ಜಿ ಹಾಕಿದ್ದಕ್ಕೆ ಎರಡು ಅಂಕ ಜಾಸ್ತಿ ಸಿಕ್ಕಿತು. ಡಾಕ್ಟರಿಗೆ ತೋರಿಸಿ, ಅಸಡ್ಡೆ ಮಾಡಬೇಡಿ ಎಂದು ಹೇಳಿ ಆಕೆ ಹೋದರು.

ಕನ್ನಡದಲ್ಲಿ ಎದೆಗೆ ಸಂಬಂಧಪಟ್ಟ ಮಾತುಗಳಿಗೇನು ಬರವೆ? ಹೆದರಿದರೆ ಎದೆ ಝಲ್ಲೆನ್ನುತ್ತದೆ, ಕೆಟ್ಟ ಸುದ್ದಿ ಬಂದರೆ ಎದೆ ಧಸಕ್ಕೆನ್ನುತ್ತದೆ, ಮಗಳ ಫಲಿತಾಂಶದ ದಿನ ಢವಢವ ಎನ್ನುತ್ತದೆ. ಧೈರ್ಯಕ್ಕೆ ಎದೆಗಾರಿಕೆ ಎನ್ನುತ್ತೇವೆ, ಜಂಬಕ್ಕೆ ಎದೆಯುಬ್ಬಿಸುತ್ತೇವೆ. ಆದರೆ ಹೆದರಿಕೆಯೂ ಇಲ್ಲದೆ, ಪ್ರೀತಿಯೂ ಇಲ್ಲದೆ, ಸ್ಟಾಫ್ ರೂಮಿನಲ್ಲಿ ನೋಟ್‌ಬುಕ್ ತಿದ್ದುತ್ತ ಕೂತವಳ ಎದೆ ಕಾರಣವಿಲ್ಲದೆ ಓಡುತ್ತಿದ್ದರೆ ಅದಕ್ಕೊಂದು ಮಾತಿಲ್ಲ. ನಮ್ಮ ಹಿರಿಯರಿಗೆ ಕಾರಣವಿಲ್ಲದೆ ಓಡುವ ಎದೆ ಗೊತ್ತಿರಲಿಲ್ಲವೋ, ಇಲ್ಲ ಎಣಿಸುವ ಪುರಸೊತ್ತಿರಲಿಲ್ಲವೋ.

ಮಾತಿಲ್ಲದಿದ್ದರೂ ಕಾರಣ ಹೇಳುವವರಿಗೆ ಕೊರತೆಯಿರಲಿಲ್ಲ. ಮೊಬೈಲಿನ ಮೇಲೆ ತಪ್ಪು ಹೊರಿಸಿದರು, ಎಂಟನೇ ತರಗತಿ ಬಿ ವಿಭಾಗದ ಮೇಲೆ ಹೊರಿಸಿದರು. ಹದಡಿಯಲ್ಲಿರುವ ನನ್ನ ಅವ್ವ “ಇದು ದೃಷ್ಟಿನೇ” ಎಂದು ತೀರ್ಪು ಕೊಟ್ಟು, ಫೋನನ್ನು ಸ್ಪೀಕರಿಗೆ ಹಾಕಿಸಿ ಅಲ್ಲಿಂದಲೇ ನಿವಾಳಿಸಿದಳು. ನಮ್ಮ ಯಜಮಾನರು ಮಾತ್ರ ಯಾವ ಕಾರಣವನ್ನೂ ಹೇಳಲಿಲ್ಲ. ಬೆರಳಿಗೆ ಕಚ್ಚಿಸಿದರೆ ನಾಡಿ ತೋರಿಸುವ ಪುಟ್ಟ ಯಂತ್ರವೊಂದನ್ನು ತಂದರು. ಅಂದಿನಿಂದ ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಮನೆ ಕ್ರಿಕೆಟ್ ಮೈದಾನವಾಯಿತು. ನಾನು ರೊಟ್ಟಿ ತಟ್ಟುತ್ತಿದ್ದರೆ ಎಡಗೈ ಬೆರಳು ಹಿಡಿದು ಕಚ್ಚಿಸುವುದು, “ನೂರಾ ಎಂಟು, ನಾಟೌಟ್!” ಎಂದು ಕೂಗುವುದು. ಆ ಯಂತ್ರ ಹಿಡಿದು ಅವರು ಬರುವುದನ್ನು ಕಂಡರೇ ನನ್ನ ಸ್ಕೋರು ನೂರಿಪ್ಪತ್ತಕ್ಕೆ ಏರುತ್ತಿತ್ತು. ನಗುನಗುತ್ತಲೇ ಕೂಗುತ್ತಿದ್ದರು. ಆದರೆ ಕೂಗಿದ ಮೇಲೆ ಯಂತ್ರವನ್ನು ಅಂಗಿಯಿಂದ ಒರೆಸಿ ಸುಮ್ಮನೆ ಇನ್ನೊಮ್ಮೆ ನೋಡುತ್ತಿದ್ದರು. ಅವರಿಗೂ ಹೆದರಿಕೆಯಾಗಿದೆ ಎಂದು ನನಗೆ ತಿಳಿಯುತ್ತಿತ್ತು.

ನನ್ನ ಹೆದರಿಕೆ ಬೇರೆಯದೇ ಇತ್ತು, ನಿಮಗೆ ಮಾತ್ರ ಹೇಳುತ್ತೇನೆ. ಡಾಕ್ಟರ ಹತ್ತಿರ ಹೋದವರು ಏನನ್ನಾದರೂ ಬಿಡದೆ ಮನೆಗೆ ಬರುವುದಿಲ್ಲ. ಉಪ್ಪು ಬಿಡು ಎಂದರೆ ಬಿಟ್ಟೇನು. ಉಪ್ಪಿನಕಾಯಿ, ಮಿರ್ಚಿ, ಕರಿದದ್ದು, ಎಲ್ಲವನ್ನೂ ಬಿಟ್ಟೇನು. ಒಂದನ್ನು ಮಾತ್ರ ಬಿಡಿಸಬಾರದು ಎಂದು ದೇವರಿಗೆ ಕೈ ಮುಗಿದಿದ್ದೆ. ಅದು ನೂರ್‌ಜಹಾನ್ ಮೇಡಂ ಜೊತೆಗಿನ ಬೈಟು.

ನೂರ್‌ಜಹಾನ್ ನಮ್ಮ ಶಾಲೆಯ ಹಿಂದಿ ಟೀಚರ್. ಹನ್ನೊಂದು ವರ್ಷದ ಹಿಂದೆ ವರ್ಗವಾಗಿ ಬಂದಾಗ ಸ್ಟಾಫ್ ರೂಮಿನ ಮೂಲೆಯ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು, ಇದೇ ಬಸ್ಸಿಗೆ ವಾಪಸ್ ಹೋಗುವವಳ ಹಾಗೆ. ಚಹಾ ಕುಡಿಯುತ್ತೀರಾ ಎಂದರೆ “ಬ್ಯಾಡ್ರಿ, ಈಗ ಕುಡ್ದೆ” ಎನ್ನುತ್ತಿದ್ದಳು. ಪೂರ್ತಿ ಚಹಾವನ್ನು ಯಾರು ಬೇಕಾದರೂ ಬೇಡ ಎನ್ನಬಹುದು. ಅರ್ಧವನ್ನು ಬೇಡ ಎನ್ನುವುದು ನಮ್ಮ ಕಡೆ ಯಾರಿಗೂ ಆಗುವುದಿಲ್ಲ. “ನನಗೂ ಪೂರ್ತಿ ಬ್ಯಾಡ, ಒಂದು ಬೈಟು ಹೇಳ್ತೀನಿ” ಎಂದೆ. ಅವಳು ಚೀಲವನ್ನು ಕೆಳಗಿಟ್ಟಳು. ಅವತ್ತಿನಿಂದ ನಾನು ಅವಳಿಗೆ ಅಕ್ಕ, ಅವಳು ನನಗೆ ನೂರ್.

ಬೈಟು ಎಂಬ ಪದವನ್ನೇ ನೋಡಿ. ಒನ್ ಬೈ ಟೂ ಎಂಬುದರಲ್ಲಿ ಅಂಶವನ್ನು ಕಿತ್ತೆಸೆದು ಛೇದವನ್ನಷ್ಟೇ ಉಳಿಸಿಕೊಂಡಿದ್ದೇವೆ. ಎಷ್ಟು ಎಂಬುದನ್ನು ಬಿಟ್ಟು ಎಷ್ಟು ಜನಕ್ಕೆ ಎಂಬುದನ್ನು ಮಾತ್ರ ಹೇಳುವ ಭಿನ್ನರಾಶಿ ಇದೊಂದೇ ಇರಬೇಕು. ಇನ್ನು ನಮ್ಮ ಶಾಲೆಯ ಎದುರಿನ ಹೋಟೆಲಿನ ಸಿದ್ದಣ್ಣ ಒಂದು ಚಹಾವನ್ನು ಎರಡು ಗ್ಲಾಸಿಗೆ ಸುರಿದರೆ ಎರಡೂ ಮುಕ್ಕಾಲು ತುಂಬುತ್ತವೆ. ಅರ್ಧ ಅರ್ಧ ಸೇರಿ ಒಂದೂವರೆಯಾಗುವ ಈ ಪವಾಡವನ್ನು ನಾನು ಎಂಟನೇ ತರಗತಿಯವರಿಗೆ ಯಾವತ್ತೂ ಹೇಳಿಕೊಟ್ಟಿಲ್ಲ.

ದಾವಣಗೆರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಹಳೆಯ ವಿದ್ಯಾರ್ಥಿನಿಯರ ವಾರಗೆ. ಸಿಟ್ಟು ಬರುತ್ತದೆಯೇ, ನಿದ್ದೆ ಹೇಗೆ, ಮೆಟ್ಟಿಲು ಹತ್ತಿದರೆ ಏದುಸಿರೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಏದುಸಿರು ಉಂಟು, ಸುಸ್ತೂ ಉಂಟು ಎಂದೆ.

“ಚಾ, ಕಾಫಿ ದಿನಕ್ಕೆ ಎಷ್ಟು ಸಲ?”

“ಎರಡು” ಎಂದೆ. ಬೆಳಿಗ್ಗೆ ಮನೆಯಲ್ಲಿ ಒಂದು, ಸಂಜೆ ಮನೆಯಲ್ಲಿ ಒಂದು. ದೇವರಾಣೆ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬೈಟು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅದು ಕೂತು ಮಾತಾಡುವುದರ ಇನ್ನೊಂದು ಹೆಸರು. ಊಟ ಎಷ್ಟು ಸಲ ಮಾಡುತ್ತೀರಿ ಎಂದರೆ ಬಾಯಿಗೆ ಎಸೆದುಕೊಂಡ ಮಂಡಕ್ಕಿಯನ್ನು ಯಾರಾದರೂ ಎಣಿಸುತ್ತಾರೆಯೇ?

ಇಸಿಜಿ ತೆಗೆದರು. ಎಕೋ ಮಾಡುವಾಗ ನನ್ನ ಎದೆಯ ಸದ್ದು ನನಗೇ ಕೇಳಿಸಿತು, ವಾಷಿಂಗ್ ಮಷೀನಿನಲ್ಲಿ ಕಂಬಳಿ ತಿರುಗಿದಂತೆ. ಪಾಪ, ಇಷ್ಟು ವರ್ಷ ನನಗಾಗಿ ಇಷ್ಟೊಂದು ಗದ್ದಲ ಮಾಡಿಕೊಂಡು ದುಡಿಯುತ್ತಿದೆಯಲ್ಲ ಎಂದು ಮೊದಲ ಸಲ ಅದರ ಮೇಲೆ ಮರುಕ ಹುಟ್ಟಿತು. ಥೈರಾಯ್ಡಿಗೆಂದು, ರಕ್ತದ ಅಂಶಕ್ಕೆಂದು ಸಿರಿಂಜು ತುಂಬ ರಕ್ತ ಕೊಟ್ಟೆ. ಕೊನೆಗೆ ಎದೆಗೆ ವೈರು ಅಂಟಿಸಿ, ಸೊಂಟಕ್ಕೊಂದು ಡಬ್ಬಿ ಕಟ್ಟಿ, ಇಪ್ಪತ್ತನಾಲ್ಕು ಗಂಟೆ ಇದು ನಿಮ್ಮ ಜೊತೆಗಿರಲಿ ಎಂದು ಕಳಿಸಿದರು. ಜೊತೆಗೊಂದು ಹಾಳೆ. ಯಾವ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ ಎಂದು ಅದರಲ್ಲಿ ಬರೆಯಬೇಕು.

ಟೀಚರ ಕೈಗೆ ಖಾಲಿ ಕಾಲಂ ಕೊಡಬಾರದು. ನಾನು ಸ್ಕೇಲಿಟ್ಟು ಇನ್ನೆರಡು ಗೆರೆ ಎಳೆದುಕೊಂಡು ದುಂಡಾಗಿ ತುಂಬಿದೆ. ಮುಂದಿನ ಭೇಟಿಯಲ್ಲಿ ಡಾಕ್ಟರು ಅದನ್ನು ಓದುತ್ತ ಬಂದವರು ನಡುವೆ ನಿಂತರು.

“ಬಸ್‌ಸ್ಟ್ಯಾಂಡ್, ಬೈಟು. ಪ್ರಾರ್ಥನೆ ಮುಗಿದ ಮೇಲೆ, ಬೈಟು. ಸಣ್ಣ ಬಿಡುವು, ಬೈಟು. ಊಟ ಆದ ಕೂಡ್ಲೇ, ಬೈಟು...” ಬೆರಳಿಟ್ಟು ಎಣಿಸುತ್ತ ಹೋದರು. “ಒಂಬತ್ತು ಅದಾವು ಮೇಡಂ. ಬೈಟು ಅಂದ್ರೆ ಚಾನೇ ಅಲ್ವೇನ್ರಿ?”

“ಚಾನೇ ಡಾಕ್ಟ್ರೇ. ಆದ್ರೆ ಬೈಟು.”

“ನೀವು ಶಾಲ್ಯಾಗೆ ಏನು ಪಾಠ ಮಾಡ್ತೀರಿ?”

“ಗಣಿತ.”

ಆಕೆ ಪೆನ್ನನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ನೋಡಿದರು. ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ಕರವಸ್ತ್ರ ಬಾಯಿಗೆ ಹಿಡಿದು ಕೆಮ್ಮುವವರಂತೆ ನಕ್ಕರು. ನನ್ನ ಮಾನ ಹೋಯಿತು, ಆದರೆ ಎದೆಗೆ ಮಾಫಿ ಸಿಕ್ಕಿತು. ಹೃದಯದಲ್ಲಿ ಯಾವ ಕಾಯಿಲೆಯೂ ಇರಲಿಲ್ಲ. ರಕ್ತ ಕಡಿಮೆಯಿತ್ತು, ಸಾಕಷ್ಟು ಕಡಿಮೆ. “ಸಣ್ಣ ಆಟೋದಾಗೆ ದೊಡ್ಡ ಮನಿ ಸಾಮಾನು ಸಾಗಿಸ್ಬೇಕಂದ್ರೆ ಟ್ರಿಪ್ ಜಾಸ್ತಿ ಹೊಡೀಬೇಕಲ್ರಿ, ನಿಮ್ಮ ಎದೆ ಅದನ್ನೇ ಮಾಡ್ತಾ ಐತೆ” ಎಂದರು ಡಾಕ್ಟರು. ರಕ್ತ ಕಡಿಮೆಯಾಗಲು ಬೇರೆ ಕಾರಣ ಏನಾದರೂ ಇದೆಯೇ ಎಂದೂ ಪರೀಕ್ಷೆ ಮಾಡಿಸಿದರು, ಸಿಗಲಿಲ್ಲ. ಊಟದ ಬೆನ್ನಿಗೇ ಚಹಾ ಕುಡಿದರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲವಂತೆ. ಚಹಾ ಎದೆಯನ್ನು ಓಡಿಸುವುದು ಬೇರೆ. ಕಬ್ಬಿಣದ ಮಾತ್ರೆ ಬರೆದರು, ಮೂರು ತಿಂಗಳಲ್ಲಿ ನಾಡಿ ನೂರರ ಕೆಳಗೆ ಬರಬೇಕು ಎಂದರು. ಮಾತ್ರೆಯ ಜೊತೆ ಪೇರಲಹಣ್ಣೋ ನಿಂಬೆಹಣ್ಣೋ ತಿನ್ನಿ ಎಂದರು. ಬೆಳಿಗ್ಗೆ ಒಂದು ಚಹಾ ಇರಲಿ ಎಂದರು.

“ಬೈಟು?”

“ಪೂರ್ತಿ ಬಂದ್.”

ಇಡೀ ದಾವಣಗೆರೆ ಬಂದ್ ಆಗಿದ್ದರೂ ನನಗೆ ಅಷ್ಟು ದುಃಖವಾಗುತ್ತಿರಲಿಲ್ಲ.

ನೂರ್‌ಗೆ ಇದನ್ನು ಹೇಗೆ ಹೇಳುವುದು? ಅವಳ ಮಕ್ಕಳಿಬ್ಬರ ಮದುವೆಯ ಮಾತುಕತೆ, ನನ್ನ ಮಗಳ ಸೀಟಿನ ಗೋಳು, ಅವಳ ಗಂಡ ತೀರಿಕೊಂಡ ಆ ವರ್ಷ ಅವಳು ಅತ್ತದ್ದು, ಎಲ್ಲವೂ ಆ ಗ್ಲಾಸುಗಳ ಮೇಲೆಯೇ ನಡೆದಿತ್ತು. ನಿನ್ನ ಜೊತೆ ಕುಡಿದು ಕುಡಿದು ರಕ್ತ ಕಡಿಮೆಯಾಯಿತು ಎಂದರೆ ತನ್ನಿಂದಲೇ ಆಯಿತು ಎಂದುಕೊಂಡಾಳು. ಹಾಗಾಗಿ ನಾನು ಎಲ್ಲಕ್ಕಿಂತ ದಡ್ಡ ಉಪಾಯ ಹುಡುಕಿದೆ. ಹೇಳದೆ ತಪ್ಪಿಸಿಕೊಂಡೆ. ಸೋಮವಾರ ನೋಟ್‌ಬುಕ್ ತಿದ್ದುವುದಿದೆ ಎಂದೆ. ಮಂಗಳವಾರ ತಲೆನೋವು ಎಂದೆ. ಬುಧವಾರ ಸಣ್ಣ ಬಿಡುವಿನಲ್ಲಿ ಪ್ರಯೋಗಾಲಯದಲ್ಲಿ, ಎಲುಬಿನ ಗೂಡಿನ ಪಕ್ಕ ಕೂತಿದ್ದೆ. ನಾಡಿಯ ನೂರು ಬಿಡಿಸಲು ಹೋಗಿ ನೂರ್‌ಳನ್ನೇ ಬಿಡುತ್ತಿದ್ದೇನಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಗುರುವಾರ ಸಂಜೆ ಅವಳು ಎಂದಿನಂತೆ ನನ್ನ ಜೊತೆ ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಬಸ್ಸಿನ್ನೂ ಬಂದಿರಲಿಲ್ಲ. ಚಹಾದಂಗಡಿಯ ಕಡೆ ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ.

“ಅಕ್ಕಾ, ಒಂದು ಕೇಳ್ತೀನಿ, ಖರೇ ಹೇಳ್ರಿ” ಎಂದಳು. “ಮನ್ಯಾಗೆ ಯಾರಾದ್ರೂ ಏನಾದ್ರೂ ಅಂದ್ರಾ? ನನ್ ಜೊತಿಗೆ ಹಂಚ್ಕೊಂಡು ಕುಡೀಬ್ಯಾಡ ಅಂತ?”

ನನ್ನ ಎದೆ ಧಸಕ್ಕೆಂದಿತು. ಈ ಸಲ ಅದಕ್ಕೆ ಕಾರಣವಿತ್ತು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ನಮ್ಮ ನಡುವೆ ಬಾರದ ಮಾತು ನನ್ನ ನಾಲ್ಕು ದಿನದ ಕಳ್ಳಾಟದಿಂದ ಬಂದು ನಿಂತಿತ್ತು. ಕಣ್ಣಲ್ಲಿ ನೀರು ಬಂತು. ಬ್ಯಾಗಿನಿಂದ ರಕ್ತದ ರಿಪೋರ್ಟನ್ನು ತೆಗೆದು ಅವಳ ಕೈಗೆ ತುರುಕಿದೆ. ಆಮೇಲೆ ಉಸಿರು ಕಟ್ಟುವಂತೆ ಎಲ್ಲವನ್ನೂ ಒದರಿದೆ. ಡಬ್ಬಿ, ಹಾಳೆ, ಒಂಬತ್ತು ಬೈಟು, ಪೂರ್ತಿ ಬಂದ್. “ನೀನು ನೊಂದ್ಕೋತೀಯಾ ಅಂತ ಹೇಳ್ಲಿಲ್ಲ ಕಣೇ” ಎಂದೆ.

ನೂರ್ ರಿಪೋರ್ಟನ್ನು ಎರಡು ಸಲ ಓದಿದಳು. ನಂತರ ಬಸ್‌ಸ್ಟ್ಯಾಂಡಿನ ಜನರೆಲ್ಲ ತಿರುಗಿ ನೋಡುವಂತೆ ನಗತೊಡಗಿದಳು. ನಗುತ್ತ ತನ್ನ ಚೀಲಕ್ಕೆ ಕೈ ಹಾಕಿ ಒಂದು ಗುಳಿಗೆ ಪಟ್ಟಿ ಹೊರತೆಗೆದಳು. ಅಸಿಡಿಟಿಯದು.

“ನಾಕು ವರ್ಷಾತು ಅಕ್ಕಾ, ಡಾಕ್ಟ್ರು ನನಗೂ ಚಾ ಬ್ಯಾಡ ಅಂದು. ದಿನಾ ಇದನ್ನ ನುಂಗಿ ನಿಮ್ ಜೊತಿಗೆ ಕುಡೀತಿದ್ದೆ.”

“ಅಯ್ಯೋ ನಿನ್ನ! ಯಾಕ ಕುಡೀತಿದ್ದಿ ಮತ್ತ?”

“ನಾ ಬಿಟ್ರೆ ನೀವು ಒಬ್ರೇ ಪೂರ್ತಿ ಕುಡೀತೀರಿ ಅಂತ. ನಿಮ್ದು ಅರ್ಧನಾದ್ರೂ ಕಮ್ಮಿ ಆಗ್ಲಿ ಅಂತ.”

ನಾನು ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ಹೊಸಬಳಿಗೆ ಸಂಕೋಚ ಬಿಡಲಿ ಎಂದು ಚಹಾ ಶುರುಮಾಡಿದವಳು ನಾನು. ನಾನು ಕಡಿಮೆ ಕುಡಿಯಲಿ ಎಂದು ಮುಂದುವರಿಸಿದವಳು ಅವಳು. ಇಬ್ಬರಿಗೂ ಬೇಡದ ಚಹಾವನ್ನು ಇಷ್ಟು ವರ್ಷ ದಿನಕ್ಕೆ ಒಂಬತ್ತು ಸಲ ಒಬ್ಬರಿಗಾಗಿ ಒಬ್ಬರು ಕುಡಿದಿದ್ದೆವು. ಪ್ರೀತಿಯಿಂದ ಹಲವರು ಹಲವನ್ನು ಮಾಡಿದ್ದಾರೆ. ನಾವು ಒಬ್ಬಳಿಗೆ ರಕ್ತ ಕಡಿಮೆ ಮಾಡಿದ್ದೆವು, ಇನ್ನೊಬ್ಬಳಿಗೆ ಹೊಟ್ಟೆ ಉರಿಸಿದ್ದೆವು. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು, ಬಸ್ಸು ಬಂದು ಹೋದದ್ದು ಗೊತ್ತಾಗಲಿಲ್ಲ.

ಮರುದಿನದಿಂದ ತೊಂದರೆಯಾದದ್ದು ಕೈಗಳಿಗೆ. ಬಿಡುವಿನಲ್ಲಿ ಕೂತರೆ ಹಿಡಿದುಕೊಳ್ಳಲು ಗ್ಲಾಸಿಲ್ಲ, ಮಾತು ನಿಂತಾಗ ಊದಿಕೊಳ್ಳಲು ಬಿಸಿ ಇಲ್ಲ. ಎರಡು ದಿನ ಪೆನ್ನಿನ ಮುಚ್ಚಳ ತಿರುಗಿಸಿದೆವು. ಮೂರನೆಯ ದಿನ ನೂರ್ ಗೇಟಿನ ಹೊರಗೆ ಹೋಗಿ ಒಂದು ಪೇರಲಹಣ್ಣು ತಂದಳು, ಎರಡು ಹೋಳು ಮಾಡಿಸಿ, ಉಪ್ಪು ಖಾರ ಸವರಿಸಿಕೊಂಡು. ನಿನ್ನ ಹೊಟ್ಟೆಗೆ ಖಾರ ಬೇಡ ಎಂದು ನಾನು ಗದರಿದೆ. ಅವಳು ತನ್ನ ಹೋಳಿನ ಖಾರವನ್ನು ನನ್ನ ಹೋಳಿಗೆ ಒರೆಸಿದಳು.

ಮೂರು ತಿಂಗಳಾದ ಮೇಲೆ ಡಾಕ್ಟರು ಯಂತ್ರವನ್ನು ನಂಬದೆ ತಾವೇ ನನ್ನ ಕೈ ಹಿಡಿದು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದರು. ಎಂಬತ್ತನಾಲ್ಕು. ನಮ್ಮ ಯಜಮಾನರು ಉಸಿರು ಬಿಟ್ಟದ್ದು ಕಾಂಪೌಂಡರಿಗೂ ಕೇಳಿಸಿರಬೇಕು. ಡಾಕ್ಟರ ಮುಖ ಅರಳಿತು.

“ಶಭಾಷ್ ಮೇಡಂ. ಹಂಗಾರೆ ಬೈಟು ಬಿಟ್ಟೇಬಿಟ್ರಿ ಅನ್ರಿ.”

“ಇಲ್ಲ ಡಾಕ್ಟ್ರೇ” ಎಂದೆ. “ಬರೇ ಚಾ ಬಿಟ್ಟೆ.”