ಸ್ಮ್ಯಾಶ್ ವೀರರ ನಡುವೆ ಒಬ್ಬ ಲಿಫ್ಟರ್

ಕುರುಗೋಡಿನ ನಮ್ಮ ವಾಲಿಬಾಲ್ ತಂಡದಲ್ಲಿ ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋಗಿ ನೆಟ್ಟು ತಂದವನೇ ಕ್ಯಾಪ್ಟನ್. ಆಟ ಬರುತ್ತದೋ ಇಲ್ಲವೋ ಎಂದು ಕೇಳುವವರಿರಲಿಲ್ಲ. ಅವನಿಗೆ ಸ್ಮ್ಯಾಶ್ ಹೊಡೆಯುವ ಚಟ, ಹಾಗಾಗಿ ತಂಡಕ್ಕೆಲ್ಲ ಅದೇ ಚಟ. ಸಂಜೆಯ ಅಭ್ಯಾಸವೆಂದರೆ ಇಷ್ಟೇ: ನಾನು ನೆಟ್ಟಿನ ಪಕ್ಕ ನಿಂತು ಚೆಂಡು ಎತ್ತಿಕೊಡಬೇಕು, ಅವರು ಸಾಲಾಗಿ ಬಂದು ಎಗರಿ ಹೊಡೆಯಬೇಕು, ಹೊಡೆದದ್ದು ಮೊಬೈಲಿನ ಸ್ಟೇಟಸ್ಸಿಗೆ ಹೋಗಬೇಕು. ನೆಟ್ಟಿಗೆ ಬಡಿದ ಚೆಂಡುಗಳು ಮಾತ್ರ ಯಾವ ಸ್ಟೇಟಸ್ಸಿನಲ್ಲೂ ಕಾಣುತ್ತಿರಲಿಲ್ಲ.

ನಾನು ಲಿಫ್ಟರ್. ಎದುರಾಳಿಯ ಸರ್ವಿಸನ್ನು ಹಿಂದಿನವರು ಮುಂಗೈ ಜೋಡಿಸಿ ತಡೆದು ನನ್ನ ತಲೆಯ ಮೇಲಕ್ಕೆ ಪಾಸ್ ಮಾಡಿದರೆ ಮಾತ್ರ ನನಗೆ ಕೆಲಸ. ಸ್ವಲ್ಪ ಹೊತ್ತಾದರೂ ಅದನ್ನು ಅಭ್ಯಾಸ ಮಾಡೋಣ, ಚೆಂಡು ನನ್ನದೆಂದು ಕೂಗಿ ಹೇಳುವುದನ್ನಾದರೂ ಕಲಿಯೋಣ ಎಂದು ಅಂಗಲಾಚಿದೆ. ಮುಂಗೈ ಕೆಂಪಾಗುವ ಕೆಲಸ ಆ ಮಹಾಶಯರಿಗೆ ಬೇಕಿರಲಿಲ್ಲ.

“ಪಾಸ್ ಮಾಡಾಕ ಕಲಿಯೋದೇನೈತಲೇ? ಕೈ ಒಡ್ಡಿದ್ರ ಬರ್ತೈತಿ,” ಎಂದ ಕ್ಯಾಪ್ಟನ್.

ಸಿರುಗುಪ್ಪದಲ್ಲಿ ಪಂದ್ಯ. ಗೆದ್ದವರು ಬಳ್ಳಾರಿಯಲ್ಲಿ ಆಡುತ್ತಾರೆ. ಇಪ್ಪತ್ತೊಂದು ತುಂಬದವರ ಆಟ ಅದು, ನನಗೆ ಕೊನೆಯ ವರ್ಷ. ಬಳ್ಳಾರಿಯ ಮೈದಾನದಲ್ಲಿ ಒಮ್ಮೆ ಚೆಂಡು ಎತ್ತಬೇಕು, ನನ್ನ ಕೈಚಳಕ ನಾಲ್ಕು ಜನ ನೋಡಬೇಕು ಎಂಬ ಆಸೆ ತುಂಬ ಇತ್ತು.

ಎದುರಿಗಿದ್ದವರು ಸಿರಿಗೇರಿಯವರು. ನಮ್ಮವರ ಮೈಕಟ್ಟು ನೋಡಿ ಮೊದಲು ಅಳುಕಿದರು. ಆಮೇಲೆ ಅವರ ಹುಡುಗನೊಬ್ಬ ನಮ್ಮ ಇಬ್ಬರು ಪೈಲ್ವಾನರ ನಡುವೆ ಮೆಲ್ಲಗೆ ಒಂದು ಸರ್ವಿಸ್ ಹಾಕಿದ. ಇಬ್ಬರೂ ಮುಖ ಮುಖ ನೋಡಿಕೊಂಡರು, ಚೆಂಡು ನೆಲಕ್ಕೆ ಬಿತ್ತು. ಅವರಿಗೆ ಅಷ್ಟು ಸಾಕಾಯಿತು. ಮತ್ತೆ ಮತ್ತೆ ಅಲ್ಲಿಗೇ ಹಾಕಿದರು. ಕೊನೆಗೆ ಒಬ್ಬ ಧೈರ್ಯ ಮಾಡಿ ಕೈ ಒಡ್ಡಿದ, ಚೆಂಡು ಶಾಮಿಯಾನದ ಮೇಲೆ ಹೋಗಿ ಕೂತಿತು. ಕ್ಯಾಪ್ಟನ್ ಮಾತ್ರ ಎಗರಲು ತೊಡೆ ತಟ್ಟಿಕೊಂಡು ನಿಂತೇ ಇದ್ದ, ಹೆಣ್ಣೇ ನಿಶ್ಚಯವಾಗದೆ ಬಾಸಿಂಗ ಕಟ್ಟಿಕೊಂಡ ವರನ ಹಾಗೆ. ಪಂದ್ಯ ಮುಗಿಯುವವರೆಗೂ ನಾನು ನೆಟ್ಟಿನ ಪಕ್ಕ ಕೈಯೆತ್ತಿ ಕಾದೆ.

ಸೋತ ಮೇಲೆ ಲಿಫ್ಟ್ ಸರಿ ಬರಲಿಲ್ಲವೆಂದು ನಮ್ಮವರು ಗೊಣಗಿದರು.

ಕೈ ಕುಲುಕುವಾಗ ಸಿರಿಗೇರಿಯ ಕ್ಯಾಪ್ಟನ್ ನನ್ನೆದುರು ನಿಂತ. ದನಿಯಲ್ಲಿ ಕುಹಕವಿರಲಿಲ್ಲ, ಪಾಪ, ನಿಜವಾಗಿಯೂ ತಿಳಿಯದೆ ಕೇಳಿದ:

“ಅಣ್ಣಾ, ಇವತ್ತು ನಿಮ್ಮ ಲಿಫ್ಟರ್ ಬಂದಿದ್ದಿಲ್ಲೇನು?”