ಬಲಗೈಯ ವಾಚು

ಮಗಳ ನಿಶ್ಚಯಕ್ಕೆ ಡಲ್ಲಾಸ್‌ನಿಂದ ಬೀಗರು ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ನಮ್ಮ ಮನೆಗೆ ಬರುವವರಿದ್ದರು. ಅವರ ಕೈಯಲ್ಲಿ ದುಬಾರಿ ವಾಚು ಇರುವುದನ್ನು ನನ್ನ ಹೆಂಡತಿ ನೋಡಿದ್ದಳು. "ಅವರ ಮುಂದ ನೀವು ಈ ಹಳೇ ವಾಚ್ ಕಟ್ಕೊಂಡು ನಿಂತ್ರ ನನ್ನ ಮಾನ ಉಳೀತದೇನ್ರಿ?" ಎಂದು ಹ್ಯೂಸ್ಟನ್ನಿನ ದೊಡ್ಡ ಅಂಗಡಿಗೆ ಕರೆದೊಯ್ದಳು.

ಅಂಗಡಿಯವನು ಕೈಗವಸು ತೊಟ್ಟು ವಾಚು ತೆಗೆದ. "ನೀವು ಯಾರು ಅಂತ ಇದು ಜನರಿಗೆ ಹೇಳುತ್ತೆ, ಸರ್," ಎಂದ.

"ಅದನ್ನ ಇಕಿ ದಿನಾ ಹೇಳ್ತಾಳ," ಎಂದೆ ಹೆಂಡತಿಯನ್ನು ತೋರಿಸಿ.

ಕಾರ್ಡ್ ಕೊಡುವಷ್ಟರಲ್ಲಿ ಅವಳು ನನ್ನ ಕೈ ಹಿಡಿದಳು. "ತಡೀರಿ, ರಾಹುಕಾಲ ಮುಗೀತೋ ಇಲ್ಲೋ." ಟೈಮ್ ನೋಡಲು ಗಾಜಿನ ಕಪಾಟಿನ ಕಡೆ ತಿರುಗಿದಳು. ಅಲ್ಲಿದ್ದ ಅಷ್ಟೂ ವಾಚುಗಳು ಹತ್ತು ಗಂಟೆ ಹತ್ತು ನಿಮಿಷ ತೋರಿಸುತ್ತಿದ್ದವು. ಚಂದ ಕಾಣಲೆಂದು ಹಾಗೆ ಇಡುತ್ತಾರಂತೆ. ಕೊನೆಗೆ ನನ್ನ ಹಳೇ ವಾಚನ್ನೇ ನೋಡಿದಳು. ಇನ್ನೂ ಸ್ವಲ್ಪ ಹೊತ್ತಿತ್ತು. ಅಂಗಡಿಯವನು ಕೊಟ್ಟ ಕಾಫಿ ಕುಡಿದು, ರಾಹುಕಾಲ ಕಳೆದ ಮೇಲೆ ಕೊಂಡೆವು.

ನಿಶ್ಚಯದ ದಿನ ಹೊಸದನ್ನು ಎಡಗೈಗೆ ಕಟ್ಟಿದೆ. ಹಳೆಯದನ್ನು ಬಿಡಲು ಮನಸ್ಸಾಗದೆ ಬಲಗೈಗೆ ಕಟ್ಟಿ, ಅಂಗಿಯ ತೋಳಿನಲ್ಲಿ ಮುಚ್ಚಿದೆ. ಬೀಗರು ನನ್ನ ಎಡಗೈ ನೋಡಿದರು, ನಾನು ಅವರದು ನೋಡಿದೆ. ಹೆಂಡತಿಯ ಮುಖ ಅರಳಿತು.

ಆಗ ಪುರೋಹಿತರು, "ಮುಹೂರ್ತಕ್ಕ ಟೈಮ್ ಆತೇನ್ರಿ?" ಎಂದು ಕೇಳಿದರು. ಹೊಸ ವಾಚಿಗೆ ಟೈಮ್ ಹೊಂದಿಸುವುದು ನನಗೆ ಬಂದಿರಲಿಲ್ಲ. ಮೆಲ್ಲಗೆ ಬಲತೋಳು ಸರಿಸಿದೆ. ನೋಡಿದರೆ ಪಕ್ಕದಲ್ಲಿ ಬೀಗರೂ ಬಲತೋಳು ಸರಿಸುತ್ತಿದ್ದರು. ಒಳಗೆ ಪಟ್ಟಿ ಸವೆದ ಹಳೇ ವಾಚು.

"ಆತ್ರಿ," ಎಂದೆವು ಇಬ್ಬರೂ.

ಮಕ್ಕಳು ಉಂಗುರ ತೊಡಿಸಿಕೊಂಡದ್ದು ಆಮೇಲೆ. ಬೀಗತನ ಅಷ್ಟರಲ್ಲೇ ಕೂಡಿತ್ತು.