ಎಕ್ಸ್ ಬರೆದ ಬಾಗಿಲು

ದುಂಡಮ್ಮ ಕಮಲಾಪುರದ ಸರ್ಕಾರಿ ದವಾಖಾನೆಯ ನರ್ಸ್. ಮನೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ಐದಕ್ಕೆ ಎದ್ದು ರೊಟ್ಟಿ ಬಡಿದು, ಪಲ್ಯ ಮಾಡಿ, ಏಳರ ಬಸ್ ಹಿಡಿಯುತ್ತಿದ್ದಳು. ೨೦೦೯ರಲ್ಲಿ ಹಂದಿಜ್ವರ ಬಂದ ಮೇಲೆ ಸಂಜೆಯ ಕೆಲಸವೂ ಹೆಚ್ಚಿತು. ಬಂದ ಕೂಡಲೇ ಸ್ನಾನ, ಉಟ್ಟ ಸೀರೆ ಬೇರೆ ಬಕೆಟ್ಟಿನಲ್ಲಿ, ಆಮೇಲೆ ಅಡುಗೆ.

"ಊರ ರೋಗ ಸೆರಗಿನಾಗ ಕಟ್ಕೊಂಡು ಬರ್ತಾಳ" ಎನ್ನುತ್ತಿದ್ದರು ಅತ್ತೆ ಬಂಡಮ್ಮ.

ಆಯಿಯ ಈ ಮಾತು ಕಿವಿಗೆ ಬಿದ್ದು ಒಂಬತ್ತು ವರ್ಷದ ಮಗಳು ಮಹಾದೇವಿ ಕೇಳಿದ್ದಳು, "ಅವ್ವಾ, ನಮ್ಮನಿಗೂ ಬರ್ತದೇನು?"

"ಹುಚ್ಚಿ, ನಾ ಇದ್ದೀನಲ್ಲ. ಬರಂಗಿಲ್ಲ."

ಕಮಲಾಪುರದಲ್ಲಿ ಮನೆಮನೆಗೆ ಹೋಗಿ "ಜ್ವರ ಮುಚ್ಚಿಡಬ್ಯಾಡ್ರಿ" ಎನ್ನುವವಳು ಮಗಳಿಗೆ ಹೇಳಿದ್ದು ಇಷ್ಟೇ.

ಒಂದು ಸಂಜೆ ದುಂಡಮ್ಮ ಮನೆಗೆ ಬಂದಾಗ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಎಕ್ಸ್ ಇತ್ತು. ಪೋಲಿಯೊ ಹನಿಯ ದಿನಗಳಲ್ಲಿ ಮಹಾದೇವಿ ಅವ್ವನ ಜೊತೆ ಓಡಾಡಿದವಳು. ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಯ ಬಾಗಿಲಿಗೆ ಪಿ ಬರೆಯುತ್ತಿದ್ದರು, ಒಂದು ಮಗು ಉಳಿದರೂ ಎಕ್ಸ್. ಎಕ್ಸ್ ಇದ್ದ ಮನೆಗೆ ನರ್ಸ್ ಮತ್ತೆ ಹೋಗಲೇಬೇಕು.

ಬರೆದವಳು ಮಗಳೇ ಎಂದು ತಿಳಿದು ದುಂಡಮ್ಮ ಒಳಗೆ ಓಡಿದಳು. ಮಗಳ ಹಣೆ ಸುಡುತ್ತಿತ್ತು.

"ಯಾವಾಗಿಂದ? ಬಾಯಿ ಬಿಟ್ಟು ಹೇಳಬಾರದೇನು?"

"ನಿನ್ನೆಯಿಂದ. ನೀನೇ ಅಂದಿದ್ದಿ, ಬರಂಗಿಲ್ಲಂತ. ಬಂತಂದ್ರ ಆಯಿ ನಿನಗ ಬೈತಾಳ, ನೌಕರಿ ಬಿಡಸ್ತಾಳ."

ದುಂಡಮ್ಮ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಅಲ್ಲೇ ನೆಲಕ್ಕೆ ಕುಳಿತಳು. "ನಾ ಸುಳ್ಳ ಹೇಳಿದ್ದೆ. ನಮ್ಮನಿಗೂ ಬರ್ತದ. ನನ್ನಿಂದ ಬಂದಿರಬಹುದು, ನಿಮ್ಮ ಸಾಲಿಯಿಂದ ಬಂದಿರಬಹುದು. ಬಂದ್ರ ಯಾರ ತಪ್ಪೂ ಅಲ್ಲ. ಭಾಳ ಮಂದಿಗೆ ಆರಾಮ ಆಗ್ತದ."

"ನಿನಗ ಬಂದ್ರ?"

"ಬರಂಗಿಲ್ಲಂತ ಮಾತು ಕೊಡಾಕ ಆಗಂಗಿಲ್ಲವ್ವ. ಕೈ ತೊಳ್ಕೋತೀನಿ, ಇದನ್ನ ಕಟ್ಕೋತೀನಿ. ಬಂದ್ರ ಮೊದಲು ನಿನಗ ಹೇಳ್ತೀನಿ."

"ಆಯಿ ಕೈ ತೊಳಿಯಂಗಿಲ್ಲ" ಎಂದಳು ಮಹಾದೇವಿ, ತಕ್ಷಣ.

"ಚಾಡಿಖೋರಿ!" ಎಂದರು ಬಂಡಮ್ಮ ಹೊರಗಿನಿಂದ.

ಡಾಕ್ಟರು ಪರೀಕ್ಷೆ ಮಾಡಿ ಸಾದಾ ಜ್ವರ ಎಂದರು. ಆದರೂ ಐದು ದಿನ ಬೇರೆ ಇಡಿ, ಒಬ್ಬರೇ ನೋಡಿಕೊಳ್ಳಿ ಎಂದರು. ದುಂಡಮ್ಮ ರಜೆ ಹಾಕಿ ಗಂಡ ಚಂದ್ರಶಾನಿಗೆ, "ಒಲಿ ಕಡೆ ನೀವು ನೋಡ್ರಿ" ಎಂದಳು.

"ಗಂಡಸು ರೊಟ್ಟಿ ಬಡೀತಾನೇನು?" ಎಂದು ಅತ್ತೆ ಹಣೆ ಚಚ್ಚಿಕೊಂಡರು. ಅವನು ಬಡಿದ. ಮೂರು ಹರಿದವು, ನಾಲ್ಕನೆಯದು ಸುಮಾರಾಗಿ ದುಂಡಗಾಯಿತು.

ಆರನೆಯ ದಿನ ಬೆಳಿಗ್ಗೆ ದುಂಡಮ್ಮ ಬ್ಯಾಗು ಹೆಗಲಿಗೇರಿಸಿದಾಗ ಮಹಾದೇವಿ ಕೂಗಿದಳು, "ಅವ್ವಾ, ಗಂಟಲ ಇನ್ನಾ ಸ್ವಲ್ಪ ಕೆರೀತದ. ಹೇಳಾಕತ್ತೀನಿ ನೋಡು!"

"ಛಲೋ ಮಾಡಿದಿ. ಬಿಸಿ ನೀರು ಕುಡಿ."

ಬಂಡಮ್ಮ ಮೂಲೆಯಿಂದ ಮೆಲ್ಲಗೆ ಕೈ ಚಾಚಿದರು. "ಹಂಗಾದ್ರ ನಂದೂ ನೋಡು. ನಿನ್ನೆಯಿಂದ ಮೈ ಬಿಸಿ ಅದ. ಮಗ್ಗಲ ಮನ್ಯಾಕಿಗೆ ಮಾತ್ರ ಹೇಳಬ್ಯಾಡವ್ವ."

ದುಂಡಮ್ಮ ಬ್ಯಾಗಿನಿಂದ ಥರ್ಮಾಮೀಟರ್ ತೆಗೆದಳು.